ಮರಗಪ್ಪೆಗೆ ಹೊಸಮನೆ ಒಗ್ಗುವ ಬಗೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದಾಗ, ಶಾಲೆಯ ಇತಿಹಾಸವನ್ನು ಬರೆಯಲು ನನಗಿಂತ ಹೆಚ್ಚು ಬಲ್ಲವರಿದ್ದಾರೆ, ನಾನು ತರಗತಿಯಲ್ಲಿ ಕಲಿಸುತ್ತಿದ್ದ ಜೀವವಿಜ್ಞಾನಕ್ಕೆ ಸಂಬಂಧಿಸಿದ ಯಾವುದಾದರೊಂದು ಸಂಗತಿಯನ್ನು ಬರೆಯುವೆನೆಂದು ಒಪ್ಪಿಕೊಂಡೆ. ವಿಷಯವನ್ನು ಒದಗಿಸಿಕೊಟ್ಟವರು ನಮ್ಮ ಶಾಲೆಯ ಹಳೆ ವಿದ್ಯಾರ್ಥಿನಿಯೊಬ್ಬರು. ಅವರು ಈಗ ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ ನೆಲೆಸಿದ್ದಾರೆ. ಅಲ್ಲಿನ ಸರಕಾರದಿಂದ ಕ್ರಮಪ್ರಕಾರ ಪರವಾನಗಿ ಪಡೆದು, ಮಗಳಿಗಾಗಿ ಒಂದು ಹಸಿರು ಮರಗಪ್ಪೆಯನ್ನು ಮನೆಗೆ ತಂದರಂತೆ. "ಆರು ದಿನವಾಯಿತು ಮಾಸ್ಟ್ರೇ, ಎಲೆಯ ಮರೆಯಿಂದ ಹೊರಗೇ ಬರುವುದಿಲ್ಲ. ಒಂದು ಹುಳವನ್ನೂ ತಿಂದಿಲ್ಲ. ಸತ್ತೇ ಹೋಗುತ್ತದೆಂದು ಮಗಳು ಅಳುತ್ತಿದ್ದಾಳೆ. ಏನು ಮಾಡುವುದು?" ಎಂದು ದೂರವಾಣಿಯಲ್ಲಿ ಕೇಳಿದರು. "ಏನೂ ಮಾಡಬೇಡ. ಅದೇ ಮೊದಲ ಔಷಧಿ" ಎಂದು ಉತ್ತರಿಸಿದೆ. ಆ ಉತ್ತರದ ಹಿಂದಿರುವ ಕಾರಣಗಳನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಸ್ಮರಣ ಸಂಚಿಕೆಯಲ್ಲಿ ಕಪ್ಪೆಗೇನು ಕೆಲಸವೆಂದು ಯಾರಾದರೂ ಕೇಳಬಹುದು. ನಮ್ಮ ಹಳೆ ವಿದ್ಯಾರ್ಥಿಗಳು ಇಂದು ಎಷ್ಟೋ ದೇಶಗಳಲ್ಲಿದ್ದಾರೆ. ನಾಯಿ, ಬೆಕ್ಕು, ಗಿಳಿಗಳಂತೆಯೇ ಕಪ್ಪೆಯನ್ನೂ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಪದ್ಧತಿ ಆ ದೇಶಗಳಲ್ಲಿ ಸಾಮಾನ್ಯ. ಅವರ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಕನ್ನಡದಲ್ಲಿಯೂ ಉತ್ತರವಿರಲಿ. ಇನ್ನು ಊರಿನಲ್ಲಿಯೇ ಇರುವ ನಮ್ಮ ಮನೆಗಳಿಗೆ, ಮಳೆಗಾಲ ಬಂತೆಂದರೆ ಮರಗಪ್ಪೆಯು ಕರೆಯದೆಯೇ ಬರುವ ಅತಿಥಿ. ಬಚ್ಚಲುಮನೆಯ ಗೋಡೆ, ಹಂಡೆಯ ಹಿಂದಿನ ಮೂಲೆ, ಕಿಟಕಿಯ ದಾರಂದ, ಇವೆಲ್ಲ ಅದರ ಬಿಡಾರಗಳು. ಸಾಕಿದ ಕಪ್ಪೆ ಮನುಷ್ಯನ ಮನೆಗೆ ಒಗ್ಗಬೇಕು. ತಾನಾಗಿ ಬಂದ ಕಪ್ಪೆಗೆ ಮನುಷ್ಯನು ಒಗ್ಗಬೇಕು. ಎರಡನ್ನೂ ಕ್ರಮವಾಗಿ ನೋಡೋಣ.

ಮರಗಪ್ಪೆಯ ಪರಿಚಯ

ಗದ್ದೆಯ ಕಪ್ಪೆಗೂ ಮರಗಪ್ಪೆಗೂ ಮೊದಲ ನೋಟಕ್ಕೇ ಕಾಣುವ ವ್ಯತ್ಯಾಸವೆಂದರೆ ಬೆರಳಿನ ತುದಿ. ಮರಗಪ್ಪೆಯ ಪ್ರತಿಯೊಂದು ಬೆರಳಿನ ತುದಿಯಲ್ಲಿಯೂ ದುಂಡನೆಯ, ಚಪ್ಪಟೆಯಾದ ಮೆತ್ತೆಯಿದೆ. ಈ ಮೆತ್ತೆಯ ಮೇಲಿನ ಸೂಕ್ಷ್ಮವಾದ ಗೆರೆಗಳ ನಡುವೆ ತೆಳುವಾದ ದ್ರವವಿರುತ್ತದೆ. ಒದ್ದೆಯಾದ ಎರಡು ಗಾಜಿನ ತುಂಡುಗಳು ಹೇಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆಯೋ ಹಾಗೆಯೇ ಅದು ನುಣುಪಾದ ಎಲೆಗೂ ಗೋಡೆಗೂ ಕನ್ನಡಿಗೂ ಅಂಟಿ ನಿಲ್ಲುತ್ತದೆ.

ನಮ್ಮ ಕಾಸರಗೋಡಿನ ಕಡೆ ಮನೆಯೊಳಗೆ ಕಾಣಸಿಗುವುದು ಹೆಚ್ಚಾಗಿ ಸಾಮಾನ್ಯ ಮರಗಪ್ಪೆ. ಪಾಲಿಪೀಡೇಟಸ್ ಮ್ಯಾಕ್ಯುಲೇಟಸ್ ಎಂಬುದು ಅದರ ಶಾಸ್ತ್ರೀಯ ನಾಮ. ಕಂದು ಅಥವಾ ಮಾಸಲು ಹಳದಿ ಮೈಬಣ್ಣ, ತೊಡೆಯ ಹಿಂಭಾಗದಲ್ಲಿ ಹಳದಿ ಚುಕ್ಕೆಗಳು. ಇಂಗ್ಲಿಷರು ಇದನ್ನು 'ಚುನಾಮ್ ಕಪ್ಪೆ' ಎಂದು ಕರೆದರು. ಚುನಾಮ್ ಎಂದರೆ ಸುಣ್ಣ. ಸುಣ್ಣ ಬಳಿದ ತಂಪಾದ ಗೋಡೆಗಳ ಮೇಲೆ ಕುಳಿತಿರುವುದನ್ನು ಕಂಡು ಇಟ್ಟ ಹೆಸರದು. ಘಟ್ಟದ ತಪ್ಪಲಿನ ತೋಟಗಳಲ್ಲಿ ಇನ್ನೊಂದು ಸುಂದರವಾದ ಜಾತಿಯಿದೆ. ಮೈಯೆಲ್ಲ ಎಲೆಹಸಿರು, ಬೆರಳುಗಳ ನಡುವಣ ಜಾಲಪಾದ ಕಿತ್ತಳೆಗೆಂಪು. ಆ ಜಾಲವನ್ನು ಕೊಡೆಯಂತೆ ಬಿಡಿಸಿಕೊಂಡು ಮರದಿಂದ ಮರಕ್ಕೆ ತೇಲುವ ಇದೇ ಮಲಬಾರ್ ಹಾರುಗಪ್ಪೆ, ಅಂದರೆ ರಾಕೊಫೋರಸ್ ಮಲಬಾರಿಕಸ್. ನಮ್ಮ ನೆರೆಯ ಮಲಯಾಳ ಭಾಷಿಕರು ಕಪ್ಪೆಗೆ ತವಳ ಎನ್ನುತ್ತಾರೆ, ಮರಗಪ್ಪೆಗೆ ಮರತ್ತವಳ.

ಸಿಡ್ನಿಯ ಮನೆಗೆ ಬಂದದ್ದು ಬೇರೆ ಜಾತಿ. ಆಸ್ಟ್ರೇಲಿಯಾದ ಉತ್ತರ ಮತ್ತು ಪೂರ್ವ ಭಾಗಗಳಲ್ಲಿಯೂ ನ್ಯೂಗಿನಿಯ ದಕ್ಷಿಣದಲ್ಲಿಯೂ ವಾಸಿಸುವ ಹಸಿರು ಮರಗಪ್ಪೆಯದು. ಸುಮಾರು ಹತ್ತು ಸೆಂಟಿಮೀಟರ್ ಬೆಳೆಯುವ ದಪ್ಪ ಮೈಯ ಪ್ರಾಣಿ. 1790ರಲ್ಲಿ ಜಾನ್ ವೈಟ್ ಎಂಬ ಶಸ್ತ್ರವೈದ್ಯನ ಗ್ರಂಥದಲ್ಲಿ ಇದು ಮೊದಲ ಬಾರಿಗೆ ವರ್ಣಿತವಾದುದರಿಂದ ವೈಟನ ಮರಗಪ್ಪೆಯೆಂದೂ ಹೆಸರಿದೆ. ಇದರ ಶಾಸ್ತ್ರೀಯ ನಾಮದ ಉತ್ತರಾರ್ಧವಾದ 'ಸೆರುಲಿಯಾ' ಎಂಬುದಕ್ಕೆ ನೀಲಿ ಎಂದರ್ಥ. ಹಸಿರು ಕಪ್ಪೆಗೆ ನೀಲಿಯ ಹೆಸರೇಕೆ? ಕೆಡದಂತೆ ದ್ರಾವಣದಲ್ಲಿಟ್ಟು ಇಂಗ್ಲೆಂಡಿಗೆ ಕಳುಹಿಸಿದ ಮಾದರಿಯಲ್ಲಿ ಹಳದಿಯ ಅಂಶ ಕರಗಿಹೋಗಿ ನೀಲಿ ಮಾತ್ರ ಉಳಿದಿತ್ತು. ಅದನ್ನು ಕಂಡವರು ನೀಲಿಯೆಂದೇ ಬರೆದರು. ಜೀವಂತ ಪ್ರಾಣಿಯನ್ನು ಅದರ ನೆಲೆಯಲ್ಲಿ ನೋಡದೆ ತೀರ್ಮಾನಿಸಬಾರದು ಎಂಬುದಕ್ಕೆ ಈ ಹೆಸರೇ ಸಾಕ್ಷಿ. ಸಾಕಣೆಯಲ್ಲಿ ಇದು ಹದಿನೈದು ವರ್ಷಕ್ಕೂ ಮೇಲ್ಪಟ್ಟು ಬದುಕಬಲ್ಲುದು. ಆದುದರಿಂದ ಕಪ್ಪೆ ತರುವುದೆಂದರೆ ಒಂದು ರಜಾಕಾಲದ ಆಟವಲ್ಲ. ಇಂದು ಒಂದನೆಯ ತರಗತಿಯಲ್ಲಿರುವ ಮಗು ಪದವಿ ಮುಗಿಸುವವರೆಗಿನ ಹೊಣೆ.

ಸಂಕೋಚವೋ ಭಯವೋ?

ಕಪ್ಪೆಯು ನಾಚುತ್ತದೆ ಎಂದು ನಾವು ಹೇಳುವುದು ನಮ್ಮ ಭಾಷೆಯ ಸೌಕರ್ಯಕ್ಕಾಗಿ. ವಾಸ್ತವದಲ್ಲಿ ಅದು ಪ್ರಾಣರಕ್ಷಣೆಯ ಕ್ರಮ. ಹಾವು, ಹಕ್ಕಿ, ಬೆಕ್ಕು ಎಲ್ಲಕ್ಕೂ ಕಪ್ಪೆ ಆಹಾರ. ಅದಕ್ಕೆ ಕೊಂಬಿಲ್ಲ, ಉಗುರಿಲ್ಲ, ಕಚ್ಚುವ ಬಲವಿಲ್ಲ. ಹಗಲಿನಲ್ಲಿ ಎಲೆಯ ಮರೆಯಲ್ಲಿ ಕೈಕಾಲು ಮಡಚಿ, ಕಣ್ಣು ಮುಚ್ಚಿ, ಅಲುಗದೆ ಕುಳಿತುಕೊಳ್ಳುವುದೇ ಅದರ ರಕ್ಷೆ. ಅದು ನಿಶಾಚರ ಪ್ರಾಣಿ. ಹಗಲಿಡೀ ಮಲಗಿರುವುದನ್ನು ಕಂಡು ರೋಗವೆಂದು ಭಾವಿಸುವುದು, ರಾತ್ರಿ ಪಾಳಿಯ ಕೆಲಸಗಾರನನ್ನು ಮಧ್ಯಾಹ್ನ ನೋಡಿ ಸೋಮಾರಿ ಎಂದಂತೆ.

ಹೊಸ ಸ್ಥಳಕ್ಕೆ ಬಂದಾಗ ಈ ಸ್ವಭಾವ ಇಮ್ಮಡಿಯಾಗುತ್ತದೆ. ಪ್ರಯಾಣದಲ್ಲಿ ಅದು ಅಲುಗಾಟವನ್ನು ಅನುಭವಿಸಿದೆ. ಬಂದ ಮನೆಯಲ್ಲಿ ವಾಸನೆ ಬೇರೆ, ಬೆಳಕು ಬೇರೆ, ನೆಲದ ಕಂಪನ ಬೇರೆ. ನಾಲ್ಕೂ ಸುತ್ತ ಗಾಜಿರುವುದರಿಂದ ಎಲ್ಲಿಂದ ಯಾರು ಬರುತ್ತಾರೆಂದು ತಿಳಿಯದು. ಹತ್ತಿರ ಬಂದು ಬಗ್ಗಿ ನೋಡುವ ಮನುಷ್ಯನ ಮುಖ ಅದಕ್ಕೆ ಬೇಟೆಗಾರನ ಮುಖವೇ ಸರಿ. ಭಯಗೊಂಡ ಕಪ್ಪೆಯ ಮೈಬಣ್ಣ ಕಂದಾಗುತ್ತದೆ, ಮೂಲೆಗೆ ಒತ್ತಿಕೊಳ್ಳುತ್ತದೆ, ಗಾಜಿಗೆ ಹಾರಿ ಹಾರಿ ಮೂತಿಗೆ ಗಾಯ ಮಾಡಿಕೊಳ್ಳುವುದೂ ಉಂಟು. ಆಹಾರ ಬಿಡುವುದು ಸಾಮಾನ್ಯ. ಶೀತರಕ್ತ ಪ್ರಾಣಿಯಾದುದರಿಂದ ಮೈಬಿಸಿಯನ್ನು ಕಾಯ್ದುಕೊಳ್ಳಲು ಅದು ಶಕ್ತಿಯನ್ನು ವ್ಯಯಿಸಬೇಕಿಲ್ಲ. ಬೆಳೆದ, ಮೈತುಂಬಿದ ಕಪ್ಪೆಯು ಒಂದು ವಾರ ಉಪವಾಸವಿದ್ದರೆ ಅಪಾಯವೇನೂ ಇಲ್ಲ. ಮರಿಗಪ್ಪೆಗೆ ಮಾತ್ರ ಅಷ್ಟು ತಾಳಿಕೆಯಿಲ್ಲ.

ಶಾಲೆಯಲ್ಲಿ ಇಂಥ ದೃಶ್ಯವನ್ನು ನಾವು ಪ್ರತಿ ಜೂನ್ ತಿಂಗಳಲ್ಲಿಯೂ ಕಂಡಿದ್ದೇವೆ. ಮಳೆಯೊಂದಿಗೇ ಶಾಲೆ ತೆರೆಯುವ ಊರು ನಮ್ಮದು. ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಮಲಯಾಳಗಳನ್ನಾಡುವ ಮಕ್ಕಳು ಕನ್ನಡ ಶಾಲೆಯ ಒಂದನೆಯ ತರಗತಿಗೆ ಬಂದು ಕುಳಿತುಕೊಳ್ಳುತ್ತಾರೆ. ಕೆಲವರು ವಾರಗಟ್ಟಲೆ ಬಾಯಿಬಿಡುವುದಿಲ್ಲ. ಅನುಭವಿಯಾದ ಅಧ್ಯಾಪಿಕೆ ಅಂಥ ಮಗುವನ್ನು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುವುದಿಲ್ಲ. ಗೋಡೆಯ ಬದಿಯಲ್ಲಿ ಒಂದು ಜಾಗ, ಪ್ರತಿದಿನವೂ ಅದೇ ಜಾಗ, ಅದೇ ಹೊತ್ತಿಗೆ ಗಂಟೆ, ಅದೇ ಹೊತ್ತಿಗೆ ಊಟ. ಹೀಗೆ ಕ್ರಮ ತಪ್ಪದೆ ನಡೆದರೆ ಒಂದು ದಿನ ಮಗು ತಾನಾಗಿಯೇ ಮಾತನಾಡುತ್ತದೆ. ಕಪ್ಪೆಗೂ ಬೇಕಾದುದು ಇಷ್ಟೇ: ಅಡಗಲು ಜಾಗ, ಬದಲಾಗದ ದಿನಚರಿ, ಒತ್ತಾಯವಿಲ್ಲದ ಕಾಲಾವಕಾಶ.

ಮನೆಯ ಸಿದ್ಧತೆ

ಕಪ್ಪೆ ಬರುವ ಮೊದಲೇ ಅದರ ಮನೆ ಸಿದ್ಧವಾಗಿರಬೇಕು. ಮರವೇರುವ ಪ್ರಾಣಿಗೆ ಅಗಲಕ್ಕಿಂತ ಎತ್ತರ ಮುಖ್ಯ. ಬೆಳೆದ ಒಂದು ಹಸಿರು ಮರಗಪ್ಪೆಗೆ ಸುಮಾರು 45 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲ, 60 ಸೆಂಟಿಮೀಟರ್ ಎತ್ತರದ ಗಾಜಿನ ಪೆಟ್ಟಿಗೆ ಬೇಕು. ಮೇಲ್ಭಾಗದಲ್ಲಿ ಗಾಳಿಯಾಡುವ ಬಲೆಯ ಮುಚ್ಚಳವಿದ್ದು ಭದ್ರವಾಗಿರಬೇಕು. ಮೂರು ಬದಿಗಳನ್ನು ಹೊರಗಿನಿಂದ ದಪ್ಪ ಕಾಗದದಿಂದ ಮುಚ್ಚಿರಿ. ಒಂದು ಬದಿ ಮಾತ್ರ ತೆರೆದಿರಲಿ. ಇಷ್ಟರಿಂದಲೇ ಕಪ್ಪೆಯ ಅರ್ಧ ಭಯ ಕಡಿಮೆಯಾಗುತ್ತದೆ. ಪೆಟ್ಟಿಗೆಯನ್ನು ದೂರದರ್ಶನದ ಹತ್ತಿರ, ಬಾಗಿಲಿನ ಪಕ್ಕ, ನೇರ ಬಿಸಿಲು ಬೀಳುವ ಕಿಟಕಿಯ ಬಳಿ ಇಡಬಾರದು. ಗಾಜಿನೊಳಗೆ ಬಿಸಿಲು ಬಿದ್ದರೆ ಸ್ವಲ್ಪ ಹೊತ್ತಿನಲ್ಲಿಯೇ ಒಳಗಿನ ಗಾಳಿ ಕಾದು ಕಪ್ಪೆ ಸಾಯಬಹುದು.

ಒಳಗೆ ಓರೆಯಾಗಿಯೂ ಅಡ್ಡವಾಗಿಯೂ ನಿಲ್ಲಿಸಿದ ಕೊಂಬೆಗಳು, ಅಗಲವಾದ ಎಲೆಗಳ ಗಿಡ, ಮೇಲ್ಮಟ್ಟದಲ್ಲಿ ಒಂದೆರಡು ಅಡಗುದಾಣಗಳು ಇರಲಿ. ತೊಗಟೆಯ ತುಂಡನ್ನೋ ಕೊಯ್ದ ಬಿದಿರಿನ ಗಂಟನ್ನೋ ಗೋಡೆಗೆ ಒರಗಿಸಿದರೆ ಸಾಕು. ಅಡಗುದಾಣವನ್ನು ಕೊಟ್ಟರೆ ಕಪ್ಪೆ ಕಾಣಿಸುವುದೇ ಇಲ್ಲವೆಂದು ಮಕ್ಕಳು ಆಕ್ಷೇಪಿಸುತ್ತಾರೆ. ಅನುಭವ ಹೇಳುವುದು ವ್ಯತಿರಿಕ್ತವಾದುದನ್ನು. ಓಡಿಹೋಗಲು ಜಾಗವಿದೆಯೆಂಬ ಧೈರ್ಯವಿರುವ ಕಪ್ಪೆಯೇ ಬೇಗ ಹೊರಗೆ ಬರುತ್ತದೆ. ನೆಲಕ್ಕೆ ತೆಂಗಿನ ನಾರಿನ ಪುಡಿ ಒಳ್ಳೆಯದು. ಮೊದಲ ಕೆಲವು ವಾರಗಳಲ್ಲಿ ಮಾತ್ರ ಒದ್ದೆ ಕಾಗದದ ಹಾಸು ಉತ್ತಮ, ಏಕೆಂದರೆ ಹಿಕ್ಕೆ ಬಿದ್ದಿದೆಯೇ ಇಲ್ಲವೇ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಸಣ್ಣ ಜಲ್ಲಿಕಲ್ಲುಗಳು ಬೇಡ. ಹುಳದೊಂದಿಗೆ ಕಲ್ಲನ್ನೂ ನುಂಗಿ ಕರುಳು ಕಟ್ಟಿಕೊಳ್ಳುವ ಅಪಾಯವಿದೆ.

ಈ ಜಾತಿಗೆ ಹಗಲಿನಲ್ಲಿ 24ರಿಂದ 28 ಡಿಗ್ರಿ ಸೆಲ್ಸಿಯಸ್, ರಾತ್ರಿಯಲ್ಲಿ ಅದಕ್ಕಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ಉಷ್ಣತೆ ಹಿತಕರ. ದಿನಕ್ಕೆ ಸುಮಾರು ಹನ್ನೆರಡು ಗಂಟೆ ಬೆಳಕು, ಹನ್ನೆರಡು ಗಂಟೆ ಕತ್ತಲೆ ಇರಬೇಕು. ಸಂಜೆಯ ವೇಳೆಗೆ ಒಮ್ಮೆ ನೀರನ್ನು ಹನಿಹನಿಯಾಗಿ ಸಿಂಪಡಿಸಬೇಕು. ಆದರೆ ದಿನವಿಡೀ ತೊಯ್ದು ತೊಪ್ಪೆಯಾಗಿರಬಾರದು. ಗಾಳಿಯಾಡದ ತೇವದಲ್ಲಿ ಬೂಷ್ಟು ಬೆಳೆಯುತ್ತದೆ.

ನೀರಿನ ವಿಷಯ

ನೀರಿನ ಬಗ್ಗೆ ಬೇರೆಯಾಗಿ ಹೇಳಬೇಕಾಗಿದೆ. ಕಪ್ಪೆಯು ಬಾಯಿಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಕೆಳಭಾಗದ ಹಾಗೂ ತೊಡೆಗಳ ತೆಳುವಾದ ಚರ್ಮದ ಮೂಲಕ ಹೀರಿಕೊಳ್ಳುತ್ತದೆ. ಶ್ವಾಸಕೋಶದ ಜತೆಗೆ ಚರ್ಮದಿಂದಲೂ ಉಸಿರಾಡುತ್ತದೆ. ನಮಗೆ ಚರ್ಮವೆಂಬುದು ಗೋಡೆಯಾದರೆ ಕಪ್ಪೆಗೆ ಅದು ತೆರೆದ ಬಾಗಿಲು. ನೀರಿನಲ್ಲಿರುವ ಒಳಿತೂ ಕೆಡುಕೂ ಆ ಬಾಗಿಲಿನಿಂದ ನೇರವಾಗಿ ಒಳಹೋಗುತ್ತವೆ. ಈ ಒಂದು ತತ್ತ್ವವನ್ನು ನೆನಪಿಟ್ಟರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ಹೊಳೆಯುತ್ತವೆ.

ನಗರಗಳ ನಲ್ಲಿನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದನ್ನು ತೆರೆದ ಪಾತ್ರೆಯಲ್ಲಿ ಒಂದು ದಿನವಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕೆಲವು ನಗರಗಳಲ್ಲಿ ಬಳಸುವ ಕ್ಲೋರಮೈನ್ ಮಾತ್ರ ಹಾಗೆ ಹೋಗುವುದಿಲ್ಲ. ಅದಕ್ಕೆ ಮೀನು ಸಾಕುವವರ ಅಂಗಡಿಯಲ್ಲಿ ದೊರೆಯುವ, ಕ್ಲೋರಮೈನನ್ನೂ ನಿವಾರಿಸುತ್ತದೆಂದು ಬರೆದಿರುವ ದ್ರಾವಣದ ಹನಿಗಳನ್ನು ಸೇರಿಸಬೇಕು. ನಮ್ಮೂರಿನ ಬಾವಿಯ ನೀರಿಗಾಗಲಿ ಸುರಂಗದ ನೀರಿಗಾಗಲಿ ಈ ತೊಂದರೆಯಿಲ್ಲ. ಆದರೆ ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ದಿನಗಳಲ್ಲಿ ಎಚ್ಚರಿಕೆ ಬೇಕು. ಭಟ್ಟಿಯಿಳಿಸಿದ ನೀರನ್ನು ಕೊಡಬಾರದು. ಅದರಲ್ಲಿ ಲವಣಾಂಶವೇ ಇಲ್ಲದುದರಿಂದ ಕಪ್ಪೆಯ ಮೈಯೊಳಗಿನ ಲವಣಗಳ ಸಮತೋಲ ಕೆಡುತ್ತದೆ. ಅಗಲವಾದ, ಆಳವಿಲ್ಲದ ಬೋಗುಣಿಯಲ್ಲಿ ಪ್ರತಿದಿನವೂ ಹೊಸ ನೀರು ಇಡಬೇಕು. ಬೋಗುಣಿಯನ್ನು ಸಾಬೂನಿನಿಂದ ತೊಳೆಯದೆ ಬಿಸಿನೀರಿನಿಂದ ಉಜ್ಜಬೇಕು.

ಮೊದಲ ಹದಿನೈದು ದಿನಗಳು

ಕಪ್ಪೆಯನ್ನು ತಂದ ಸಂಜೆ, ಪೆಟ್ಟಿಗೆಯೊಳಗೆ ಅದು ಬಂದ ಡಬ್ಬಿಯನ್ನಿಟ್ಟು ಮುಚ್ಚಳ ತೆರೆಯಿರಿ. ಕೈಯಿಂದ ಎತ್ತಿ ಹಾಕಬೇಡಿ. ಕತ್ತಲಾದ ಮೇಲೆ ತಾನಾಗಿ ಹೊರಬಂದು ತನ್ನ ಕೊಂಬೆಯನ್ನು ತಾನೇ ಆರಿಸಿಕೊಳ್ಳಲಿ. ಆ ಮೇಲೆ ಹದಿನೈದು ದಿನ ನಿಮ್ಮ ಕೆಲಸ ಮೂರೇ: ನೀರು ಬದಲಿಸುವುದು, ಸಂಜೆ ಆಹಾರ ಬಿಡುವುದು, ಬೆಳಿಗ್ಗೆ ಹಿಕ್ಕೆ ಮತ್ತು ಉಳಿದ ಹುಳಗಳನ್ನು ತೆಗೆಯುವುದು. ಮೂರನ್ನೂ ಪ್ರತಿದಿನ ಒಂದೇ ಹೊತ್ತಿಗೆ, ನಿಧಾನವಾದ ಚಲನೆಯಿಂದ, ಒಬ್ಬರೇ ಮಾಡುವುದು ಲೇಸು. ನೆರೆಹೊರೆಯ ಮಕ್ಕಳನ್ನು ಕರೆತಂದು ತೋರಿಸುವುದು, ಗಾಜನ್ನು ತಟ್ಟುವುದು, ಅಡಗಿದ್ದಲ್ಲಿಂದ ಕಡ್ಡಿಯಿಂದ ಎಬ್ಬಿಸುವುದು, ಛಾಯಾಚಿತ್ರಕ್ಕಾಗಿ ಕಣ್ಣಿಗೆ ಬೆಳಕು ಹಾಯಿಸುವುದು, ಇವೆಲ್ಲ ವರ್ಜ್ಯ. ಇಂಥ ಒಂದೊಂದು ತೊಂದರೆಯೂ ಕಪ್ಪೆ ಒಗ್ಗುವ ದಿನವನ್ನು ಮತ್ತಷ್ಟು ಮುಂದಕ್ಕೆ ತಳ್ಳುತ್ತದೆ.

ಮಕ್ಕಳಿಗೆ ಸುಮ್ಮನಿರುವುದು ಕಷ್ಟ. ಅವರಿಗೆ ಒಂದು ಬರೆಹಪುಸ್ತಕ ಕೊಡಿ. ಕಪ್ಪೆ ಬೆಳಿಗ್ಗೆ ಎಲ್ಲಿತ್ತು, ರಾತ್ರಿ ಎಲ್ಲಿಗೆ ಹೋಯಿತು, ಮೈಬಣ್ಣ ಹೇಗಿತ್ತು, ಎಷ್ಟು ಹುಳಗಳು ಕಡಿಮೆಯಾದವು ಎಂಬುದನ್ನು ಬರೆಯಲಿ. ಸಿಡ್ನಿಯ ಹುಡುಗಿಗೂ ಇದನ್ನೇ ಹೇಳಿದೆ, ಕನ್ನಡದಲ್ಲಿ ಬರೆದರೆ ಸಂತೋಷವೆಂದೂ ಸೇರಿಸಿದೆ. ಒಂಬತ್ತನೆಯ ರಾತ್ರಿ ಎರಡು ಹುಳಗಳು ಕಾಣೆಯಾದವೆಂಬ ವರದಿ ಬಂತು. ಅಕ್ಷರಗಳು ಸ್ವಲ್ಪ ವಕ್ರವಾಗಿದ್ದರೂ ವಾಕ್ಯ ಸರಿಯಾಗಿತ್ತು.

ಮುಟ್ಟುವ ವಿಚಾರ. ಕಪ್ಪೆಯು ಮುದ್ದು ಮಾಡಿಸಿಕೊಳ್ಳುವ ಪ್ರಾಣಿಯಲ್ಲ. ಶುಚಿ ಮಾಡುವಾಗ ಎತ್ತಲೇಬೇಕಾದರೆ ಸಾಬೂನು, ಎಣ್ಣೆ, ಸೊಳ್ಳೆ ಓಡಿಸುವ ಮುಲಾಮು ಯಾವುದೂ ಇಲ್ಲದ, ಶುದ್ಧ ನೀರಿನಲ್ಲಿ ಒದ್ದೆಮಾಡಿದ ಕೈಯಿಂದ ಎತ್ತಬೇಕು. ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲೇಬೇಕು, ಏಕೆಂದರೆ ಕಪ್ಪೆಯ ಮೈಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುಗಳಿರಬಹುದು. ಕಪ್ಪೆ ಮುಟ್ಟಿದರೆ ನರುಲಿ ಬರುತ್ತದೆಂಬ ನಂಬಿಕೆಗೆ ಆಧಾರವಿಲ್ಲ. ಮನುಷ್ಯನ ನರುಲಿಗೆ ಕಾರಣ ಮನುಷ್ಯರಿಂದ ಮನುಷ್ಯರಿಗೆ ಹರಡುವ ವೈರಸ್.

ಆಹಾರ

ಕಪ್ಪೆಯ ಕಣ್ಣಿಗೆ ಚಲಿಸುವುದೇ ಆಹಾರ. ಸತ್ತ ಹುಳವನ್ನು ಮುಂದಿಟ್ಟರೆ ಅದು ಸಾಮಾನ್ಯವಾಗಿ ಗಮನಿಸುವುದೇ ಇಲ್ಲ. ಜೀವಂತ ಜೀರುಂಡೆ, ಜಿರಲೆ, ಪತಂಗಗಳನ್ನು ಕೊಡಬೇಕು. ಹುಳದ ಉದ್ದವು ಕಪ್ಪೆಯ ಎರಡು ಕಣ್ಣುಗಳ ನಡುವಣ ಅಂತರವನ್ನು ಮೀರಬಾರದೆಂಬುದು ಸಾಕುವವರ ಲೆಕ್ಕ. ಮರಿಗಳಿಗೆ ಪ್ರತಿದಿನ, ಬೆಳೆದವಕ್ಕೆ ವಾರಕ್ಕೆ ಎರಡು ಮೂರು ಬಾರಿ ಸಾಕು. ಹುಳಗಳ ಮೇಲೆ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ3 ಇರುವ ಪುಡಿಯನ್ನು ಆಗಾಗ ಉದುರಿಸದಿದ್ದರೆ ಮೂಳೆಗಳು ಮೆತ್ತಗಾಗುತ್ತವೆ. ಹಿತ್ತಲಿನಿಂದ ಹಿಡಿದ ಹುಳಗಳಲ್ಲಿ ಕೀಟನಾಶಕದ ಅಂಶವಿರಬಹುದಾದುದರಿಂದ ಅವು ಬೇಡ. ರಾತ್ರಿ ತಿನ್ನದೆ ಉಳಿದ ಜೀರುಂಡೆಗಳನ್ನು ಬೆಳಿಗ್ಗೆ ತೆಗೆಯಬೇಕು. ಇಲ್ಲದಿದ್ದರೆ ಅವೇ ಮಲಗಿದ ಕಪ್ಪೆಯ ಮೈಯನ್ನು ಕಚ್ಚುತ್ತವೆ.

ನುಂಗುವಾಗ ಕಪ್ಪೆ ಕಣ್ಣು ಮುಚ್ಚುವುದನ್ನು ಮಕ್ಕಳಿಗೆ ತೋರಿಸಿ. ಕಣ್ಣುಗುಡ್ಡೆಗಳು ಒಳಕ್ಕೆ ಇಳಿದು ಆಹಾರವನ್ನು ಗಂಟಲಿನೆಡೆಗೆ ತಳ್ಳುತ್ತವೆ. ಕೆಲವೊಮ್ಮೆ ಅದು ಬಾಯಿ ತೆರೆದು ಮೈತಿರುಚಿ ತನ್ನ ಮೇಲ್ಪೊರೆಯನ್ನೇ ಕಳಚಿ ತಿನ್ನುವುದುಂಟು. ಗಾಬರಿ ಬೇಡ, ಅದು ಆರೋಗ್ಯದ ಕ್ರಮ. ಹಸಿರು ಮರಗಪ್ಪೆಗೆ ಉಪವಾಸಕ್ಕಿಂತ ಅತಿಯಾದ ಊಟವೇ ಹೆಚ್ಚು ಕೇಡು. ಒಮ್ಮೆ ಒಗ್ಗಿದ ಮೇಲೆ ಕೊಟ್ಟಷ್ಟೂ ತಿನ್ನುತ್ತದೆ. ಕಣ್ಣಿನ ಮೇಲಣ ಚರ್ಮದ ಮಡಿಕೆ ದಪ್ಪವಾಗಿ ಕಣ್ಣಿನ ಮೇಲೆ ಇಳಿದರೆ ಬೊಜ್ಜು ಬಂದಿದೆಯೆಂದೇ ಅರ್ಥ.

ಯಾವಾಗ ವೈದ್ಯರಲ್ಲಿಗೆ?

ಕಪ್ಪೆಗಳನ್ನು ತಕ್ಕಡಿಯಲ್ಲಿ ತೂಗಿದಂತೆ ಎಂಬ ಗಾದೆ ನಮ್ಮಲ್ಲಿದೆ. ಒಂದೇ ಕಪ್ಪೆಯಾದರೆ ಮುಚ್ಚಳದ ಡಬ್ಬಿಯಲ್ಲಿಟ್ಟು ತೂಗಬಹುದು. ಹದಿನೈದು ದಿನಗಳ ಬಳಿಕ, ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ ಉಪಯುಕ್ತ. ತೂಕ ಸ್ಥಿರವಾಗಿದ್ದರೆ ಸಂಕೋಚವೆಂದು ತಿಳಿಯಿರಿ. ಇಳಿಯುತ್ತಿದ್ದರೆ ರೋಗವೆಂದು ಶಂಕಿಸಿರಿ. ಎರಡು ವಾರ ಕಳೆದರೂ ಏನನ್ನೂ ತಿನ್ನದಿರುವುದು, ಬೆನ್ನಮೂಳೆ ಎದ್ದು ಕಾಣುವುದು, ಹೊಟ್ಟೆ ಮತ್ತು ತೊಡೆಗಳ ಒಳಭಾಗ ಕೆಂಪಾಗುವುದು, ಪೊರೆ ತುಂಡುತುಂಡಾಗಿ ಅಂಟಿಕೊಂಡಿರುವುದು, ಕಾಲು ಚಾಚಿಕೊಂಡು ಬಿದ್ದಿರುವುದು, ಹಗಲೂ ರಾತ್ರಿ ನೀರಿನ ಬೋಗುಣಿಯನ್ನು ಬಿಟ್ಟು ಏಳದಿರುವುದು, ಇವು ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕಾದ ಲಕ್ಷಣಗಳು. ಮರಿಗಪ್ಪೆಯಾದರೆ ಎರಡು ವಾರ ಕಾಯದೆ ಒಂದು ವಾರದೊಳಗೇ ವಿಚಾರಿಸಬೇಕು.

ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರದ ವಿಚಾರವನ್ನು ಎಲ್ಲರೂ ತಿಳಿದಿರಬೇಕು. 1998ರಲ್ಲಿ ವಿಜ್ಞಾನಿಗಳು ಇದನ್ನು ಗುರುತಿಸಿದರು. ಐನೂರೊಂದು ಉಭಯವಾಸಿ ಪ್ರಭೇದಗಳು ಈ ರೋಗದಿಂದ ಕ್ಷೀಣಿಸಿವೆ, ಅವುಗಳಲ್ಲಿ ತೊಂಬತ್ತು ಬಹುಶಃ ನಿರ್ನಾಮವಾಗಿವೆಯೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕಹಾಕಿತು. ದೇಶದೇಶಗಳ ನಡುವಣ ಕಪ್ಪೆಗಳ ವ್ಯಾಪಾರವೇ ಇದರ ಹರಡುವಿಕೆಗೆ ಒಂದು ಮುಖ್ಯ ಮಾರ್ಗ. ಆದುದರಿಂದ ಹೊಸ ಕಪ್ಪೆಯನ್ನು ಹಳೆಯದರೊಂದಿಗೆ ಕೂಡಲೇ ಸೇರಿಸದೆ ಕನಿಷ್ಠ ಒಂದು ತಿಂಗಳಾದರೂ ಪ್ರತ್ಯೇಕವಾಗಿಡಬೇಕು. ಅದರ ಪೆಟ್ಟಿಗೆಯ ನೀರನ್ನು ಕೆರೆಗೋ ತೋಡಿಗೋ ಚೆಲ್ಲಬಾರದು.

ಸಾಕಲು ಬೇಸರವಾಯಿತೆಂದು ಪರದೇಶದ ಕಪ್ಪೆಯನ್ನು ಹೊರಗೆ ಬಿಡುವುದು ದಯೆಯಲ್ಲ. ಕಬ್ಬಿನ ದುಂಬಿಗಳನ್ನು ತಿನ್ನಲೆಂದು 1935ರಲ್ಲಿ ಆಸ್ಟ್ರೇಲಿಯಾಕ್ಕೆ ತಂದ ನೆಲಗಪ್ಪೆಗಳು ಆ ದೇಶಕ್ಕೇ ಪೀಡೆಯಾದುದು ಪ್ರಸಿದ್ಧ. ನಮ್ಮ ಗದ್ದೆಗಳ ದೊಡ್ಡ ಕಪ್ಪೆಯೇ ಅಂಡಮಾನ್ ದ್ವೀಪಗಳನ್ನು ಸೇರಿ ಅಲ್ಲಿನ ಮೂಲಜೀವಿಗಳಿಗೆ ಕಂಟಕವಾಗಿದೆ. ಪ್ರಾಣಿ ಒಳ್ಳೆಯದೇ, ಜಾಗ ತಪ್ಪಿದೆ.

ನಮ್ಮೂರಿನ ಮರಗಪ್ಪೆ

ಇಷ್ಟನ್ನು ಓದಿದ ನಮ್ಮೂರಿನ ಮಕ್ಕಳು ತೋಟದಿಂದ ಒಂದು ಹಾರುಗಪ್ಪೆಯನ್ನು ಹಿಡಿದು ತಂದು ಗಾಜಿನ ಪೆಟ್ಟಿಗೆಯಲ್ಲಿಡುವ ಆಲೋಚನೆ ಮಾಡಬಾರದು. ಸಾಕಣೆಯಲ್ಲಿಯೇ ಹುಟ್ಟಿ ಬೆಳೆದ ಕಪ್ಪೆಗೂ ಕಾಡಿನಿಂದ ಹಿಡಿದ ಕಪ್ಪೆಗೂ ಬಹಳ ಅಂತರವಿದೆ. ಎರಡನೆಯದು ಒಗ್ಗುವುದು ಅಪರೂಪ, ಕೊರಗಿ ಸಾಯುವುದೇ ಹೆಚ್ಚು. ಪಶ್ಚಿಮ ಘಟ್ಟದಲ್ಲಿ ಇನ್ನೂರಕ್ಕೂ ಹೆಚ್ಚು ಉಭಯವಾಸಿ ಪ್ರಭೇದಗಳಿದ್ದು ಅವುಗಳಲ್ಲಿ ಹೆಚ್ಚಿನವು ಜಗತ್ತಿನ ಬೇರೆಲ್ಲಿಯೂ ಇಲ್ಲ. ಅವು ನಮ್ಮ ಪಾಲಿಗೆ ಬಂದ ನಿಧಿ. ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ನಮ್ಮಲ್ಲಿದೆ. ಕಾಡಿನ ಯಾವ ಪ್ರಾಣಿಯ ವಿಷಯದಲ್ಲಿಯಾದರೂ ಅರಣ್ಯ ಇಲಾಖೆಯನ್ನು ಕೇಳದೆ ಕೈಹಾಕಬಾರದು. ಪೇಟೆಯಲ್ಲಿ ದೊರೆಯುವ ವಿದೇಶಿ ಕಪ್ಪೆಗಳಿಗೂ ನಿಯಮವಿದೆ. ಮಧ್ಯ ಅಮೆರಿಕದ ಕೆಂಗಣ್ಣಿನ ಮರಗಪ್ಪೆಯಂತಹ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಜೀವಂತ ಪ್ರಾಣಿಗಳನ್ನು ಇಟ್ಟುಕೊಂಡವರು 2024ರ ನಿಯಮಗಳ ಪ್ರಕಾರ ಸರಕಾರದಲ್ಲಿ ನೋಂದಾಯಿಸಬೇಕು.

ಮನೆಗೆ ತಾನಾಗಿ ಬಂದ ಮರಗಪ್ಪೆಗೆ ನಾವು ಮಾಡಬೇಕಾದ ಉಪಕಾರ ಅಲ್ಪವೇ. ಪೊರಕೆಯಿಂದ ಹೊಡೆಯದಿರುವುದು ಮೊದಲನೆಯದು. ಅದು ಕಚ್ಚುವುದಿಲ್ಲ. ಸೊಳ್ಳೆ, ಪತಂಗ, ಜಿರಲೆಗಳನ್ನು ತಿಂದು ನಮಗೇ ಸಹಾಯ ಮಾಡುತ್ತದೆ. ಅಡುಗೆಮನೆಯಂತಹ ಕಡೆ ಇರಬಾರದೆನ್ನಿಸಿದರೆ ಒದ್ದೆ ಬಟ್ಟೆಯಿಂದಲೋ ಅಗಲ ಬಾಯಿಯ ಪಾತ್ರೆಯಿಂದಲೋ ಮೆಲ್ಲನೆ ಹಿಡಿದು, ಕತ್ತಲಾದ ಮೇಲೆ ಅಂಗಳದಂಚಿನ ಬಾಳೆಯ ಬುಡದಲ್ಲಿ ಬಿಡಿ. ಗೋಣಿಯಲ್ಲಿ ಹಾಕಿ ಮೈಲುಗಟ್ಟಲೆ ದೂರ ಬಿಡುವುದು ಬೇಡ. ತಿಳಿಯದ ನೆಲದಲ್ಲಿ ಅದಕ್ಕೆ ನೀರೂ ಅಡಗುದಾಣವೂ ಗೊತ್ತಿರುವುದಿಲ್ಲ. ಹತ್ತಿರದಲ್ಲಿ ಬಿಟ್ಟರೆ ಮರಳಿ ಬರುವುದಲ್ಲವೇ ಎಂದರೆ, ಬರಬಹುದು. ಎಷ್ಟೋ ಜಾತಿಯ ಕಪ್ಪೆಗಳಿಗೆ ತಮ್ಮ ನೆಲೆಯನ್ನು ಹುಡುಕಿ ಹಿಂತಿರುಗುವ ಶಕ್ತಿಯಿದೆ. ಅಂಗಳದಲ್ಲಿಯೇ ಅದಕ್ಕೆ ಒಳ್ಳೆಯ ಆಸರೆ ದೊರೆತರೆ ಒಳಗೆ ಬರುವ ಅಗತ್ಯವಾದರೂ ಏನು?

ಆ ಆಸರೆಯನ್ನು ಕಲ್ಪಿಸುವುದು ಸುಲಭ. ಬಾಳೆ, ಕೆಸು, ದಾಸವಾಳಗಳ ಒಂದು ಗುಂಪು, ಅದರ ನೆರಳಿನಲ್ಲಿ ಒಂದು ಸಣ್ಣ ಹೊಂಡ ಅಥವಾ ಹಳೆಯ ಕಲ್ಲುಮರಿಗೆ ಸಾಕು. ಜೂನ್ ತಿಂಗಳಲ್ಲಿ ನೀರಿನ ಮೇಲಕ್ಕೆ ಬಾಗಿದ ಎಲೆಗೋ ಗೋಡೆಗೋ ಬಿಳಿಯ ನೊರೆಯ ಮುದ್ದೆ ಅಂಟಿರುವುದನ್ನು ನೀವು ಕಂಡಿರಬಹುದು. ಅದು ಕೊಳೆಯಲ್ಲ, ಮರಗಪ್ಪೆಯ ತೊಟ್ಟಿಲು. ತಾಯಿಗಪ್ಪೆ ತಾನು ಸ್ರವಿಸಿದ ದ್ರವವನ್ನು ಹಿಂಗಾಲುಗಳಿಂದ ಮೊಸರು ಕಡೆದಂತೆ ಕಡೆದು ನೊರೆ ಮಾಡಿ ಅದರೊಳಗೆ ಮೊಟ್ಟೆಯಿಡುತ್ತದೆ. ಹೊರಮೈ ಒಣಗಿ ಗಟ್ಟಿಯಾದರೂ ಒಳಗೆ ತೇವ ಉಳಿಯುತ್ತದೆ. ಕೆಲವು ದಿನಗಳಲ್ಲಿ ಗೊದಮೊಟ್ಟೆಗಳು ನೊರೆಯಿಂದ ಜಾರಿ ಕೆಳಗಣ ನೀರಿಗೆ ಬೀಳುತ್ತವೆ. ಆ ಮುದ್ದೆಯನ್ನು ತೊಳೆದು ಹಾಕಿದರೆ ಒಂದು ಸಂತಾನವೇ ಹೋಯಿತು. ಆ ನೀರಿನಲ್ಲಿ ಸೊಳ್ಳೆಮರಿ ಬೆಳೆಯದಂತೆ ಸೀಮೆಎಣ್ಣೆ ಸುರಿಯುವ ಬದಲು ತಿಳಿದವರನ್ನು ಕೇಳಿ ಬೇರೆ ಉಪಾಯ ಹುಡುಕಬೇಕು.

ಚರ್ಮವೇ ಕಪ್ಪೆಯ ತೆರೆದ ಬಾಗಿಲೆಂದು ಮೇಲೆ ಹೇಳಿದೆನಷ್ಟೆ. ಈ ಮಾತಿನ ಅರ್ಥವನ್ನು ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. 1970ರ ದಶಕದ ಉತ್ತರಾರ್ಧದಿಂದ 2000ದ ವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆಯ ಪಡ್ರೆಯಂತಹ ಊರುಗಳ ಜನ ಅನುಭವಿಸಿದ ಯಾತನೆ ದೇಶಕ್ಕೇ ಗೊತ್ತಾಯಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಾದ್ಯಂತ ನಿಷೇಧಿಸಿತು. ಜೇನ್ನೊಣ, ಮೀನು, ಕಪ್ಪೆಗಳು ಕಡಿಮೆಯಾದುವೆಂದು ಆ ಕಡೆಯ ಹಿರಿಯರು ಹೇಳುತ್ತಿದ್ದ ಮಾತಿಗೆ ಕಿವಿಗೊಟ್ಟವರು ವಿರಳ. ನೀರು ಕೆಟ್ಟಿದೆಯೆಂದು ಮೊದಲು ಅರಿಯುವುದು ಕಪ್ಪೆ. ಮನುಷ್ಯನಿಗೆ ತಿಳಿಯುವುದು ತಡವಾಗಿ.

ಗದ್ದೆಗಪ್ಪೆಗಳ ಕಾಲುಗಳನ್ನು ವಿದೇಶಗಳಿಗೆ ರಫ್ತು ಮಾಡುವುದನ್ನು ಭ��ರತ ಸರಕಾರವು 1987ರಲ್ಲಿ ನಿಲ್ಲಿಸಿತು. ಆದರೆ ಗದ್ದೆಗಳು ಮನೆ ಕಟ್ಟುವ ನಿವೇಶನಗಳಾಗಿ, ತೋಟದ ಕಣಿಗಳು ಸಿಮೆಂಟಾಗಿ, ಅಂಗಳಗಳಿಗೆ ಇಂಟರ್‌ಲಾಕ್ ಹಾಸಾಗಿ, ಕಪ್ಪೆಗೆ ಉಳಿದಿರುವ ಜಾಗ ದಿನೇ ದಿನೇ ಕಿರಿದಾಗುತ್ತಿದೆ.

ಒಂದು ಸೂಚನೆ

ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ಕಟ್ಟಡ, ಸಭಾಭವನ, ಗಣಕಯಂತ್ರಗಳ ಬೇಡಿಕೆಗಳು ಹಳೆ ವಿದ್ಯಾರ್ಥಿಗಳ ಮುಂದಿರುವುದು ಸಹಜ. ಅವುಗಳ ಜತೆಗೆ ಖರ್ಚಿಲ್ಲದ ಒಂದು ಕಾರ್ಯವನ್ನು ಸೂಚಿಸಲು ಅನುಮತಿ ಬೇಡುತ್ತೇನೆ. ಶಾಲೆಯ ಆವರಣದ ಒಂದು ಮೂಲೆಯನ್ನು ಹಾಸುಕಲ್ಲು ಹಾಕದೆ, ವಿಷ ಸಿಂಪಡಿಸದೆ, ನಾಲ್ಕು ಬಾಳೆ, ಒಂದು ಹೊಂಡ ಸಹಿತ ಹಾಗೆಯೇ ಬಿಡೋಣ. ಪ್ರತಿವರ್ಷ ಜೂನ್ ತಿಂಗಳಲ್ಲಿ ಮೊದಲ ನೊರೆಗೂಡು ಕಂಡ ದಿನಾಂಕವನ್ನು ಐದನೆಯ ತರಗತಿಯ ಮಕ್ಕಳು ಒಂದು ಪುಸ್ತಕದಲ್ಲಿ ಬರೆದಿಡಲಿ. ಒಂದನೆಯ ತರಗತಿಗೆ ಹೊಸದಾಗಿ ಬಂದ, ಇನ್ನೂ ಬಾಯಿಬಿಡದ ಮಗುವನ್ನು ಅಲ್ಲಿಗೆ ಕರೆದೊಯ್ದು, ಎಲೆಯಡಿ ಕುಳಿತ ಕಪ್ಪೆಯನ್ನು ದೂರದಿಂದ ತೋರಿಸಲಿ. ಮುಟ್ಟಬಾರದು, ಕೂಗಬಾರದು, ಕಾಯಬೇಕು ಎಂಬುದನ್ನು ಹಿರಿಯ ಮಕ್ಕಳು ಹೇಳಿಕೊಡಲಿ.

ಶಾಲೆಗೂ ಅದರ ಎಲ್ಲ ಮಕ್ಕಳಿಗೂ ಶುಭವಾಗಲಿ.